ನೀರು ನುಗ್ಗದಿದ್ದರೆ ಸುದ್ದಿ ಏನು?

ಮಳೆಗಾಲ ಬಂದರೆ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳ ಹತ್ತಿರ ಒಂದು ಸಿದ್ಧ ಸುದ್ದಿ ಇರುತ್ತದೆ: ‘ತಗ್ಗು ಪ್ರದೇಶಕ್ಕೆ ನುಗ್ಗಿದ ನೀರು, ಜನಜೀವನ ಅಸ್ತವ್ಯಸ್ತ’. ಬಡಾವಣೆಯ ಹೆಸರು ಮತ್ತು ಮಳೆಯ ಪ್ರಮಾಣ ಬದಲಾಯಿಸಿದರೆ ಹಳೆಯ ವರದಿಯನ್ನೇ ಮತ್ತೆ ಕಳಿಸಬಹುದು. ಚಿತ್ರದುರ್ಗದಲ್ಲಿ ಕೂತು ನಾವು ಅದನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತ ಅಜ್ಜಿಯ ಫೋಟೊ ಇದ್ದರೆ ಮೂರು ಕಾಲಂ ಗ್ಯಾರಂಟಿ.

2022ರ ಸೆಪ್ಟೆಂಬರ್‌ನಲ್ಲಿ ಆ ಫೋಟೊ ನಮ್ಮ ಬೀದಿಯಲ್ಲೇ ಸಿಕ್ಕಿತು. ಅದೇ ತಿಂಗಳು ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಿತ್ತು. ಬೆಂಗಳೂರಿನಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದರು. ನಮ್ಮದು ಇಳಿಜಾರಿನ ಬೀದಿ, ಇಪ್ಪತ್ತೆರಡು ಮನೆ. ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬರೇ ಇರುತ್ತಾರೆ. ಒಳಗೆ ನೀರು ನುಗ್ಗಿ ಅಕ್ಕಿ, ರಾಗಿ ಹಿಟ್ಟು, ಹಾಸಿಗೆ ಎಲ್ಲ ನೆಂದಿತ್ತು. ನಾವು ಮೊಬೈಲ್ ತೆಗೆದು ಫೋಟೊ ಹೊಡೆದೆವು.

‘ಫೋಟೊ ಹೊಡ್ಕಂಡ್ಯಾ? ಸರಿ. ಈ ನೀರು ಎಲ್ಲಿಂದ ಬಂತು ಅಂತಾನೂ ಬರೀತೀಯಾ? ಹೋಗಿ ನಿಮ್ಮನೆ ಪೈಪು ನೋಡ್ಕಂಡು ಬಾ ಹೋಗಪ್ಪ’ ಅಂದರು ಅಜ್ಜಿ.

ಹೋಗಿ ನೋಡಿದೆವು. ನಮ್ಮ ಮಾಳಿಗೆಯ ನೀರು ನಾಲ್ಕು ಇಂಚಿನ ಪೈಪಿನಲ್ಲಿ ನೇರ ರಸ್ತೆಗೆ ಧುಮುಕುತ್ತಿತ್ತು. ಅಪ್ಪ ಮನೆ ಕಟ್ಟಿಸಿದಾಗ ಮುಂದೆ ಮಲ್ಲಿಗೆ ಬಳ್ಳಿ, ಒಂದು ನುಗ್ಗೆ ಮರ ಇದ್ದವು. ಕಸ ಗುಡಿಸೋದು ಕಷ್ಟ, ಬೈಕ್ ನಿಲ್ಲಿಸಬೇಕು ಅಂತ ನಾವೇ ಅಲ್ಲಿ ಕಾಂಕ್ರೀಟ್ ಹಾಕಿಸಿದ್ದೆವು. ಬೀದಿಯಲ್ಲಿ ಎಲ್ಲರೂ ಹಾಗೇ ಮಾಡಿದ್ದರು. ಮರುದಿನ ಪೇಪರಿನಲ್ಲಿ ಅಜ್ಜಿಯ ಫೋಟೊ ಬಂತು. ಚರಂಡಿ ಹೂಳು ತೆಗೆದಿಲ್ಲ ಅಂತ ಬರೆದಿದ್ದೆವು. ಅದು ಸುಳ್ಳಲ್ಲ. ಆದರೆ ನಮ್ಮ ಪೈಪಿನ ವಿಷಯ ಬರೆಯಲಿಲ್ಲ.

ಮುಂದಿನ ವರ್ಷ ಬರಗಾಲ. ಬೋರ್‌ವೆಲ್ ಕೈಕೊಟ್ಟು ಅದೇ ಬೀದಿ ಟ್ಯಾಂಕರಿಗೆ ಕಾಯುತ್ತ ಕೂತಿತು. ಆಗ ಒಂದು ಸಂಜೆ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆವು. 30x40 ಸೈಟಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಇಪ್ಪತ್ತೆರಡು ಮನೆಗೆ 61 ಸಾವಿರ ಲೀಟರ್. ಅಂದರೆ ಐದು ಸಾವಿರ ಲೀಟರಿನ ಹನ್ನೆರಡು ಟ್ಯಾಂಕರ್. ಒಂದೇ ಒಂದು ಒಳ್ಳೆ ಮಳೆಗೆ ಅಷ್ಟು ನೀರನ್ನು ಅಜ್ಜಿಯ ಮನೆಗೆ ಅಟ್ಟಿ, ಬೇಸಿಗೆಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದೆವು.

ಇದು ಗೊತ್ತಾಗಲು ನಾವು ದೂರ ಹೋಗಬೇಕಿರಲಿಲ್ಲ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಕೆಳಕ್ಕೆ ಬಿಡುವ ಏರ್ಪಾಡು. ಪ್ರವಾಸಿಗರಿಗೆ ಇದನ್ನು ಹೆಮ್ಮೆಯಿಂದ ಹೇಳುವ ನಾವು, ಬೀದಿಯಲ್ಲಿ ಮಾತ್ರ ಬಿದ್ದ ಹನಿಯನ್ನೆಲ್ಲ ಆದಷ್ಟು ಬೇಗ ಮುಂದಿನವರ ಮನೆ ಬಾಗಿಲಿಗೆ ದಾಟಿಸುತ್ತಿದ್ದೆವು.

2024ರ ಮಳೆಗೆ ಮುಂಚೆ ಕೆಲಸಕ್ಕೆ ಇಳಿದೆವು. ಮನೆಗೆ ಸಾವಿರ ರೂಪಾಯಿ ಅಂತ ಮಾತಾಯಿತು. ಹದಿನಾಲ್ಕು ಮನೆಯವರು ಕೊಟ್ಟರು. ನಿವೃತ್ತ ಮೇಷ್ಟ್ರು ‘ಸೊಳ್ಳೆ ಸಾಕೋ ಯೋಜನೆಗೆ ನಾನು ಕಾಸು ಕೊಡಲ್ಲ’ ಅಂದರು. ಕಾರಿದ್ದವರು ‘ಗಾಡಿ ಎಲ್ಲಿ ನಿಲ್ಲಿಸೋದು?’ ಅಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಜಾಗ ಇದ್ದ ಕಡೆ ಮಾತ್ರ ರಸ್ತೆ ಬದಿಯ ಕಾಂಕ್ರೀಟ್ ಒಡೆದು ಆರು ಗುಂಡಿ ತೋಡಿದೆವು. ಹತ್ತಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು, ಕೊನೆಗೆ ಗೊಬ್ಬರ ಬೆರೆಸಿದ ಮಣ್ಣು. ಮಣ್ಣಿನ ಮಟ್ಟ ರಸ್ತೆಗಿಂತ ಒಂದು ಗೇಣು ಕೆಳಗೆ. ಮಾಳಿಗೆಯ ಪೈಪುಗಳನ್ನು ಅದಕ್ಕೆ ತಿರುಗಿಸಿದೆವು. ಲಾವಂಚ, ಕಾಬಾಳೆ ನೆಟ್ಟೆವು. ಎರಡು ಕಡೆ ಹೊಂಗೆ ಸಸಿ ಇಟ್ಟೆವು.

ಮೊದಲ ಸಲ ಕೆಟ್ಟಿತು. ಎರಡು ಮಳೆಗೆ ರಸ್ತೆಯ ಧೂಳು, ಕಸ, ಹೂಳು ಬಂದು ಗುಂಡಿಯ ಮೇಲೆ ಪದರ ಕಟ್ಟಿತು. ನಾಲ್ಕು ದಿನವಾದರೂ ನೀರು ಇಂಗಲಿಲ್ಲ. ಮೇಷ್ಟ್ರು ಬಂದು ನೀರಲ್ಲಿ ಆಡುತ್ತಿದ್ದ ಸೊಳ್ಳೆ ಮರಿಗಳನ್ನು ತೋರಿಸಿದರು. ತಲೆ ತಗ್ಗಿಸಿ ನಿಂತೆವು.

ಪಕ್ಕದ ಬಡಾವಣೆಯಲ್ಲಿ ಬಾವಿ ತೋಡುತ್ತಿದ್ದ ಒಬ್ಬ ವಯಸ್ಸಾದ ಭೋವಿ ಕೆಲಸಗಾರರನ್ನು ಕರೆತಂದೆವು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹಳೆ ಬಾವಿಗಳ ಹೂಳೆತ್ತಿದ್ದು, ಇಂಗುಬಾವಿ ತೋಡಿದ್ದು ಮಣ್ಣುವಡ್ಡರು ಅಂತ ನಾವು ಓದಿ ತಿಳಿದಿದ್ದೆವು. ಇವರಿಗೆ ಓದುವ ಅಗತ್ಯವೇ ಇರಲಿಲ್ಲ. ಗುಂಡಿ ನೋಡಿ, ‘ನೀರಿಗೆ ದಾರಿ ಮಾಡೀರಿ, ಹೂಳಿಗೆ ಎಲ್ಲಿ ಮಾಡೀರಿ ಸಾರ್?’ ಅಂದರು. ಪ್ರತಿ ಗುಂಡಿಗೂ ಮುಂಚೆ ಒಂದು ಚಿಕ್ಕ ತೊಟ್ಟಿ ಕಟ್ಟಿಸಿದರು. ನೀರು ಮೊದಲು ಅಲ್ಲಿ ನಿಂತು, ಹೂಳು ಬಿಟ್ಟು, ಆಮೇಲೆ ಗುಂಡಿಗೆ ಹೋಗಬೇಕು. ತೊಟ್ಟಿಗೆ ಬಿಗಿಯಾದ ಮುಚ್ಚಳ. ಮೇಲಿನ ಮಣ್ಣನ್ನು ಬದಲಾಯಿಸಿದರು. ಈಗ ಮಳೆ ನಿಂತ ಮರುದಿನಕ್ಕೆ ಗುಂಡಿಯಲ್ಲಿ ನೀರಿರುವುದಿಲ್ಲ. ನೀರು ನಿಲ್ಲದಿದ್ದರೆ ಸೊಳ್ಳೆ ಮರಿ ರೆಕ್ಕೆ ಬಂದು ಹಾರುವ ಮಾತೇ ಇಲ್ಲ. ಮೇಷ್ಟ್ರು ಸಾವಿರ ರೂಪಾಯಿ ಕೊಡಲಿಲ್ಲ, ಆದರೆ ತಮ್ಮ ಮನೆ ಮುಂದಿನ ತೊಟ್ಟಿಯ ಉಸ್ತುವಾರಿ ವಹಿಸಿಕೊಂಡರು.

ದೊಡ್ಡ ಮಾತು ಆಡುವ ಹಾಗಿಲ್ಲ. ಆರು ಗುಂಡಿಗಳು ಒಂದು ಸಲಕ್ಕೆ ಹಿಡಿಯುವುದು ಏಳು ಸಾವಿರ ಲೀಟರಿನಷ್ಟು. 61 ಸಾವಿರದ ಮುಂದೆ ಎಂಟನೇ ಒಂದು ಪಾಲೂ ಅಲ್ಲ. ಕೆಲವರು ಅಂಗಳದ ಸಿಮೆಂಟ್ ಒಡೆದು ಗಿಡ ಹಾಕಿದ್ದಾರೆ, ಕೆಲವರು ಡ್ರಮ್ ಇಟ್ಟಿದ್ದಾರೆ. ಉಳಿದ ನೀರಿಗೆ ಒಳ್ಳೆ ಚರಂಡಿ ಬೇಕೇ ಬೇಕು. ಜನ ಗಿಡ ನೆಟ್ಟರು ಅಂತ ಕಚೇರಿಗಳು ಕೈತೊಳೆದುಕೊಳ್ಳುವಂತಿಲ್ಲ.

ಆದರೂ ಆ ವರ್ಷದ ಹಿಂಗಾರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂದಾಗ ಟಾರ್ಚ್ ಹಿಡಿದು ಕೊನೆಯ ಮನೆಗೆ ಓಡಿದೆವು. ನೀರು ಹೊಸ್ತಿಲಿಗೆ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಅಜ್ಜಿ ಅಕ್ಕಿ ಡಬ್ಬವನ್ನು ಆಗಲೇ ಅಟ್ಟಕ್ಕೆ ಏರಿಸಿ, ಮಂಚದ ಮೇಲೆ ಕೂತಿದ್ದರು. ‘ಇವತ್ತು ಬರಲಿಲ್ಲ ಕಣಪ್ಪ’ ಅಂದರು. ಡಬ್ಬ ಮಾತ್ರ ಇಳಿಸಲಿಲ್ಲ.

ಅಷ್ಟರಲ್ಲಿ ಡೆಸ್ಕಿನಿಂದ ಫೋನ್. ‘ಮನೆಗೆ ನೀರು ನುಗ್ಗಿದ ಫೋಟೊ ಇದೆಯೇನ್ರೀ?’

‘ನಮ್ಮ ಬೀದೀಲಿ ನುಗ್ಗಿಲ್ಲ ಸಾರ್. ಇಂಗುಗುಂಡಿ ಮಾಡಿದ್ವಿ, ಅದನ್ನೇ ಬರೀಲಾ?’

‘ನುಗ್ಗದಿದ್ರೆ ಸುದ್ದಿ ಏನ್ರೀ? ಬೇರೆ ಏರಿಯಾ ನೋಡಿ.’

ಬೇರೆ ಏರಿಯಾಕ್ಕೆ ಹೋದೆವು. ಅಲ್ಲೂ ಇಳಿಜಾರಿತ್ತು, ಕೊನೆಯ ಮನೆಯಿತ್ತು. ಫೋಟೊ ತೆಗೆಯುವ ಮೊದಲು ಈ ಸಲ ಮೇಲಿನ ಮನೆಗಳ ಪೈಪು ನೋಡಿದೆವು. ವರದಿಯಲ್ಲಿ ಅದನ್ನೂ ಒಂದು ಸಾಲು ಸೇರಿಸಿದೆವು. ಜಾಗ ಸಾಲದೆ ಆ ಸಾಲು ಕತ್ತರಿಸಿ ಹೋಯಿತು.

ಈಗ ನಮ್ಮ ಬೀದಿಗೆ ಅಂಚಿನಿಂದ ಅಂಚಿಗೆ ಕಾಂಕ್ರೀಟ್ ರಸ್ತೆ ಬರುತ್ತದೆ ಅನ್ನುವ ಮಾತಿದೆ. ಬಂದರೆ ಆರು ಗುಂಡಿಗಳೂ ಹೋಗುತ್ತವೆ. ರಸ್ತೆ ಬೇಡ ಅನ್ನುತ್ತಿಲ್ಲ, ಮೂರಡಿ ಮಣ್ಣು ಬಿಡಿ ಅಂತ ಮನವಿ ಬರೆದಿದ್ದೇವೆ. ಮೊದಲ ಸಹಿ ಅಜ್ಜಿಯ ಹೆಬ್ಬೆಟ್ಟು. ಎರಡನೆಯದು ಮೇಷ್ಟ್ರದು. ಈ ಭಾನುವಾರ ತೊಟ್ಟಿಗಳ ಹೂಳು ತೆಗೆಯುವ ಸರದಿ ನಮ್ಮ ಮನೆಯದು.