ಅಜ್ಜಿಯ ಕೈ ನಡುಗುತ್ತಿರಲಿಲ್ಲ

ಕತ್ರಿಗುಪ್ಪೆಯಲ್ಲಿ ಈಗ ಖಾಲಿ ಡಿವಿಡಿ ಕೇಳಿದರೆ ಅಂಗಡಿಯವರು ಒಮ್ಮೆ ನಮ್ಮ ಮುಖ ನೋಡುತ್ತಾರೆ. ಹದಿನೈದು ವರ್ಷದ ಹಿಂದೆ ವಾಟರ್ ಟ್ಯಾಂಕ್ ಸ್ಟಾಪಿನ ಆಸುಪಾಸಿನ ಫೋಟೋ ಸ್ಟುಡಿಯೋಗಳ ಮುಂದೆ ‘ಕ್ಯಾಸೆಟ್‌ನಿಂದ ಡಿವಿಡಿಗೆ’ ಎಂಬ ಬೋರ್ಡು ಕಾಣುತ್ತಿತ್ತು. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಆಧಾರ್ ಪ್ರಿಂಟ್. ಸಿನಿಮಾ ಡಿವಿಡಿಯನ್ನು 34 ರೂಪಾಯಿಗೆ ಮಾರಿ ಮನೆಮನೆಗೆ ಮುಟ್ಟಿಸಿದ ಮೋಸರ್ ಬೇರ್ ಕಂಪನಿಯೇ 2018ರಲ್ಲಿ ದಿವಾಳಿಯಾಯಿತು. ಇನ್ನು ಈ ಅಂಗಡಿಗಳದ್ದೇನು. ಒಬ್ಬರಂತೂ ಹೇಳಿಯೇಬಿಟ್ಟರು: “ಈಗ್ಯಾರು ಮೇಡಂ ಡಿವಿಡಿ ಮಾಡಿಸ್ತಾರೆ? ಪೆನ್ ಡ್ರೈವ್ ತಂದ್ಕೊಡಿ, ಎರಡ್ ನಿಮಿಷದ ಕೆಲ್ಸ.” ಕೊನೆಗೆ ಎಸ್.ಪಿ. ರಸ್ತೆಗೆ ಹೋಗಿ ಹತ್ತು ಡಿಸ್ಕ್ ತಂದೆ.

ಪೆನ್ ಡ್ರೈವ್ ಯಾಕಾಗದು ಎಂದು ನೀವೂ ಕೇಳಬಹುದು. ಕಾರಣ ಅಮ್ಮ. ಅವಳ ಟಿವಿಯ ಕೆಳಗೆ ಒಂದು ಹಳೆಯ ಡಿವಿಡಿ ಪ್ಲೇಯರ್ ಇದೆ. ಅದರ ರಿಮೋಟಿನ ಪ್ರತಿ ಗುಂಡಿಯೂ ಅವಳ ಬೆರಳಿಗೆ ಗೊತ್ತು. ಫೋನಿಗೆ ಕಳಿಸಿದ ವಿಡಿಯೋ ಒಂದು ವಾರದೊಳಗೆ ‘ಗುಡ್ ಮಾರ್ನಿಂಗ್’ ಹೂಗಳ ಅಡಿಯಲ್ಲಿ ಹೂತುಹೋಗುತ್ತದೆ. ಡಿಸ್ಕಾದರೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇರುತ್ತದೆ, ಬೇಕೆಂದಾಗ ಕೈಗೆ ಸಿಗುತ್ತದೆ.

ಮಾಡಬೇಕಿದ್ದದ್ದು ಚಿಕ್ಕಮ್ಮನ ಮದುವೆಯ ಡಿವಿಡಿ. 1993ರ ಮದುವೆ, ಹಾಸನದ ಕಡೆಯ ಒಂದು ಛತ್ರದಲ್ಲಿ. ಮೂರು ಗಂಟೆಯ ವಿಎಚ್ಎಸ್ ಕ್ಯಾಸೆಟ್. ವಿಡಿಯೋದವನು ಆ ಕಾಲದ ಪದ್ಧತಿಯಂತೆ ಬಂದವರು ಹೋದವರ ಮೇಲೆಲ್ಲ ಸಿನಿಮಾ ಹಾಡು ಹಾಕಿಬಿಟ್ಟಿದ್ದಾನೆ. ವರನ ಕಡೆಯವರು ಕಾಫಿ ಕುಡಿಯುವುದಕ್ಕೂ ಪ್ರೇಮಗೀತೆ. ಆದರೆ ಒಂದು ನಾಲ್ಕು ನಿಮಿಷ ಮಾತ್ರ ಛತ್ರದ ಸದ್ದನ್ನು ಹಾಗೆಯೇ ಬಿಟ್ಟಿದ್ದಾನೆ. ಹಸೆಮಣೆಯ ಮೇಲೆ ಕೂತ ಮದುಮಗಳಿಗೆ ಅಜ್ಜಿ ಇನ್ನೊಬ್ಬರ ಜೊತೆ ತಟ್ಟೆ ಹಿಡಿದು ಆರತಿ ಎತ್ತುತ್ತಾ ಹಾಡುತ್ತಾಳೆ. ಆಕೆ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಯಿತು. ಅವಳ ದನಿ ಬೇರೆಲ್ಲೂ ಇಲ್ಲ. ಹಾಡಿನ ಮಾತುಗಳು ಅವಳ ನೋಟ್‌ಬುಕ್ಕಿನಲ್ಲಿವೆ. ಧಾಟಿ ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ.

ಆ ಕ್ಯಾಸೆಟ್ಟಿನಿಂದ ಬಹಳ ಹಿಂದೆಯೇ ಅಪ್ಪ ಒಂದು ಅಂಗಡಿಯಲ್ಲಿ ಡಿವಿಡಿ ಮಾಡಿಸಿದ್ದರು. ನಾವೆಲ್ಲ ನೋಡಿ ಬೆಳೆದದ್ದು ಅದನ್ನೇ. ಅದರಲ್ಲಿ ಆರತಿ ಎತ್ತುವಾಗ ಅಜ್ಜಿಯ ಕೈ ನಡುಗುತ್ತದೆ. “ಆಗ್ಲೇ ಅಮ್ಮಂಗೆ ನಡುಕ ಶುರುವಾಗಿತ್ತು ನೋಡೇ, ನಾವ್ಯಾರೂ ಗಮನಿಸ್ಲೇ ಇಲ್ಲ,” ಎಂದು ಅಮ್ಮ ಪ್ರತಿ ಸಲವೂ ಹೇಳುತ್ತಿದ್ದಳು. ಡಾಕ್ಟರಿಗೆ ತೋರಿಸಬೇಕಿತ್ತು ಎಂಬ ಕೊರಗು ಅವಳಲ್ಲಿ ಹಾಗೇ ಉಳಿದಿತ್ತು. ಅಜ್ಜಿಯನ್ನು ನೋಡದೆಯೇ ಹುಟ್ಟಿದ ಮೊಮ್ಮಕ್ಕಳಿಗಂತೂ ಅಜ್ಜಿ ಎಂದರೆ ನಡುಗುವ ಕೈಯ ಮುದುಕಿ.

ಒಂದು ದಿನ ಅದೇ ಡಿಸ್ಕನ್ನು ಸುಮ್ಮನೆ ನೋಡುತ್ತಿದ್ದಾಗ ಪುರೋಹಿತರ ಕೈಯೂ ನಡುಗುವುದು ಕಂಡಿತು. ಆಮೇಲೆ ಓಡಿಬರುವ ಹುಡುಗನ ಕಾಲು. ಆಮೇಲೆ ಫ್ಯಾನಿನ ಗಾಳಿಗೆ ಹಾರುವ ಬಾಳೆಎಲೆ. ನಿಂತವರು ಕೂತವರೆಲ್ಲ ಸ್ಥಿರವಾಗಿದ್ದಾರೆ, ಚಲಿಸಿದ್ದೆಲ್ಲ ನಡುಗುತ್ತದೆ. ಹಾಗಿದ್ದರೆ ಕಾಯಿಲೆ ಅಜ್ಜಿಯದಲ್ಲ, ಡಿಸ್ಕಿನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಸೆಕೆಂಡಿಗೆ 25 ಚಿತ್ರ. ಆದರೆ ಹಳೆಯ ವಿಡಿಯೋದಲ್ಲಿ ಒಂದೊಂದು ಚಿತ್ರವೂ ಎರಡು ಅರ್ಧಗಳ ಜೋಡಿ. ಒಂದು ಅರ್ಧದಲ್ಲಿ ಬೆಸ ಸಾಲುಗಳು, ಇನ್ನೊಂದರಲ್ಲಿ ಸಮ ಸಾಲುಗಳು. ಎರಡರ ನಡುವೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟು ಅಂತರ. ಯಾವ ಅರ್ಧ ಮೊದಲು, ಯಾವುದು ಆಮೇಲೆ ಎಂದು ಡಿಸ್ಕಿನಲ್ಲಿ ಬರೆದಿರಬೇಕು. ಅದು ತಿರುವುಮುರುವಾದರೆ ಆಮೇಲಿನ ಅರ್ಧ ಮೊದಲು ಕಾಣುತ್ತದೆ. ಮುಂದೆ ಹೋದ ಕೈ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತದೆ. ಇದು ಸೆಕೆಂಡಿಗೆ ಇಪ್ಪತ್ತೈದು ಸಲ ಆದರೆ ನಮ್ಮ ಕಣ್ಣಿಗೆ ಅದು ನಡುಕ. ಅಂಗಡಿಯವನು ಕಂಪ್ಯೂಟರಿನಲ್ಲಿ ಒಂದು ಆಯ್ಕೆಯನ್ನು ನೋಡದೆ ಬಿಟ್ಟಿದ್ದ, ಅಷ್ಟೆ. ನಮ್ಮ ಮನೆಯಲ್ಲಿ ಅದು ಅಜ್ಜಿಯ ವೃದ್ಧಾಪ್ಯವಾಯಿತು.

ಕೆಟ್ಟ ಪ್ರತಿ ಎಂದರೆ ಮಸುಕು ಪ್ರತಿ ಎಂದೇ ನಾವು ತಿಳಿದಿರುತ್ತೇವೆ. ಮಸುಕಾದರೆ ಪರವಾಗಿಲ್ಲ, ಇದು ಮಸುಕು ಎಂದು ನಮಗೆ ಗೊತ್ತಿರುತ್ತದೆ. ಆದರೆ ಕೆಟ್ಟ ಪ್ರತಿ ಸುಳ್ಳನ್ನೂ ಹೇಳಬಲ್ಲದು. ಹೋದವರ ವಿಷಯದಲ್ಲಿ ಅದು ಹೇಳಿದ್ದನ್ನು ಅಲ್ಲಗಳೆಯುವವರು ಯಾರೂ ಇರುವುದಿಲ್ಲ.

ಕ್ಯಾಸೆಟ್ ಇನ್ನೂ ಇತ್ತು, ಪುಣ್ಯ. ಅದನ್ನು ಓಡಿಸುವ ಯಂತ್ರವೇ ಅಪರೂಪ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನಿಸಿಕೊಂಡ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಗಿರಿನಗರದಲ್ಲಿ ಪರಿಚಯದವರೊಬ್ಬರು ಒಂದು ವಿಸಿಆರನ್ನು ಜೋಪಾನವಾಗಿಟ್ಟಿದ್ದರು. ಈ ಕೆಲಸದಲ್ಲಿ ಅಡ್ಡದಾರಿ ಇಲ್ಲ. ಮೂರು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು. ಕೊನೆಗೆ ಸಿಕ್ಕಿದ್ದು ಡಿವಿ ಎಂಬ ಬಗೆಯ ಫೈಲು, ಗಂಟೆಗೆ ಸುಮಾರು 13 ಜಿಬಿ, ಒಟ್ಟು 39 ಜಿಬಿ. ಡಿವಿಡಿಯಲ್ಲಿ ಹಿಡಿಸುವುದು 4.7. ಇಲ್ಲಿಂದ ಶುರುವಾಗುವುದು ನಿಜವಾದ ಲೆಕ್ಕ.

ಲೆಕ್ಕ ಕಷ್ಟದ್ದಲ್ಲ. 4.7 ಜಿಬಿ ಎಂದರೆ 470 ಕೋಟಿ ಬೈಟ್, ಬೈಟಿಗೆ 8ರಂತೆ 3,760 ಕೋಟಿ ಬಿಟ್. ಅಂಗಡಿಯವನು ಮೂರೂ ಗಂಟೆಯನ್ನು ಒಂದೇ ಡಿಸ್ಕಿಗೆ ತುರುಕಿದ್ದ. ಮೂರು ಗಂಟೆಯ 10,800 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 35 ಲಕ್ಷ ಬಿಟ್. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷದವರೆಗೂ ಅವಕಾಶವಿದೆ. ನಾನು ಎರಡು ಡಿಸ್ಕ್ ಮಾಡುವುದೆಂದು ನಿರ್ಧರಿಸಿದೆ. ತಲಾ ಒಂದೂವರೆ ಗಂಟೆ. ಸೆಕೆಂಡಿಗೆ ಸುಮಾರು 69 ಲಕ್ಷ ಸಿಗುತ್ತದೆ. ಅಂಚಿನವರೆಗೆ ತುಂಬಬಾರದೆಂದು ಚಿತ್ರಕ್ಕೆ ಸರಾಸರಿ 62 ಲಕ್ಷ, ಹೆಚ್ಚೆಂದರೆ 80 ಲಕ್ಷ ಎಂದು ಇಟ್ಟುಕೊಂಡೆ. ಚೆನ್ನಾಗಿ ಕಾಣಬೇಕೆಂದರೆ ಮೊದಲ ಉಪಾಯ ಇದೇ: ಇನ್ನೊಂದು ಡಿಸ್ಕ್ ಖರ್ಚು ಮಾಡುವುದು.

ಆದರೂ ಸರಾಸರಿ ಸಾಲದು. ಡಿವಿಡಿ ಬಳಸುವ ಎಂಪೆಗ್-2 ಪದ್ಧತಿ ಪ್ರತಿ ಚಿತ್ರವನ್ನೂ ಪೂರ್ತಿ ಬರೆಯುವುದಿಲ್ಲ. ಅರ್ಧ ಸೆಕೆಂಡಿಗೊಮ್ಮೆ ಒಂದನ್ನು ಪೂರ್ತಿ ಬರೆದು, ನಡುವಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಟಿಪ್ಪಣಿ ಮಾಡಿಕೊಳ್ಳುತ್ತದೆ. ಪುರೋಹಿತರು ಮಂತ್ರ ಹೇಳುತ್ತಾ ಕೂತಿದ್ದರೆ ಬದಲಾಗುವುದು ತುಟಿ ಮಾತ್ರ, ಅಗ್ಗದ ದೃಶ್ಯ. ಈಗ ಮಾಂಗಲ್ಯಧಾರಣೆಯನ್ನು ನೆನೆಸಿಕೊಳ್ಳಿ. ನಾಲ್ಕೂ ದಿಕ್ಕಿನಿಂದ ಅಕ್ಷತೆ. ಸಾವಿರಾರು ಕಾಳು, ಒಂದೊಂದಕ್ಕೂ ಒಂದೊಂದು ದಾರಿ. ಹಿಂದಿನ ಚಿತ್ರದಿಂದ ಏನನ್ನೂ ಊಹಿಸುವಂತಿಲ್ಲ. ಬಿಟ್ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದೇ ಹೊತ್ತಿಗೆ ಗಟ್ಟಿಮೇಳ. ಓಲಗದ ಅಬ್ಬರಕ್ಕೆ ಕ್ಯಾಮೆರಾದ ಮೈಕು ಉಸಿರುಗಟ್ಟುತ್ತದೆ. ಯಾವ ಗಳಿಗೆಗಾಗಿ ಇಡೀ ಮದುವೆಯನ್ನು ಚಿತ್ರೀಕರಿಸಿದರೋ, ಯಂತ್ರಕ್ಕೆ ಅತಿ ಕಷ್ಟದ ಗಳಿಗೆಯೂ ಅದೇ. ನಮ್ಮ ಹಳೆಯ ಡಿಸ್ಕಿನಲ್ಲಿ ಚಿಕ್ಕಮ್ಮನ ಕೊರಳಿಗೆ ತಾಳಿ ಬೀಳುವಾಗ ಕಾಣುವುದು ಬೂದು ಬಣ್ಣದ ಇಟ್ಟಿಗೆಗಳು.

ಇದಕ್ಕೆ ಎರಡು ಸುತ್ತಿನ ಪರಿವರ್ತನೆ ಎಂಬ ಉಪಾಯವಿದೆ. ಮೊದಲ ಸುತ್ತಿನಲ್ಲಿ ತಂತ್ರಾಂಶ ಏನನ್ನೂ ಅಂತಿಮವಾಗಿ ಬರೆಯದೆ ಇಡೀ ವಿಡಿಯೋ ನೋಡಿ, ಎಲ್ಲಿ ಎಷ್ಟು ಬೇಕು ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಅದರಂತೆ ಹಂಚುತ್ತದೆ. ಪಂಕ್ತಿಗೆ ಎಷ್ಟು ಎಲೆ ಎಂದು ನೋಡಿಕೊಂಡು ಬಡಿಸಲು ಇಳಿಯುವ ಅನುಭವಸ್ಥರ ಹಾಗೆ. ಎಫ್ಎಫ್ಎಂಪೆಗ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ. ನಾನು ರಾತ್ರಿ ಹಚ್ಚಿ ಮಲಗಿದೆ.

ಏನನ್ನು ಮಾಡಲಿಲ್ಲ ಎಂಬುದೂ ಮುಖ್ಯ. ಪಾಲ್ ಡಿವಿಡಿಯ ಚಿತ್ರ 720 ಚುಕ್ಕೆ ಅಗಲ, 576 ಸಾಲು ಎತ್ತರ. ವಿಎಚ್ಎಸ್‌ನಲ್ಲಿರುವ ವಿವರ ಅದಕ್ಕಿಂತ ಬಹಳ ಕಡಿಮೆ. ಇಲ್ಲದ್ದನ್ನು ಯಾವ ತಂತ್ರಾಂಶವೂ ತಂದುಕೊಡಲಾರದು. ಹಾಗಾಗಿ ಚೂಪು ಮಾಡುವ, ಬಣ್ಣ ಏರಿಸುವ ಗೋಜಿಗೆ ಹೋಗಲಿಲ್ಲ. ಚಿತ್ರದ ಎರಡು ಅರ್ಧಗಳನ್ನೂ ಬೆಸೆಯಲಿಲ್ಲ. ಡಿವಿಡಿಗೆ ಅವು ಬೇರೆಬೇರೆಯಾಗಿದ್ದರೂ ಸರಿಯೇ. ಡಿವಿ ಫೈಲಿನಲ್ಲಿ ಕೆಳಗಿನ ಸಾಲಿನ ಅರ್ಧ ಮೊದಲು. ಅದನ್ನು ಹಾಗೆಯೇ ನಮೂದಿಸಿದೆ.

ದನಿಯ ವಿಷಯದಲ್ಲಿ ಮಾತ್ರ ಸ್ವಲ್ಪವೂ ಜಿಪುಣತನ ಬೇಡ. ಚಿತ್ರ ಮಸುಕಾದರೆ ಐದು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ದನಿ ಒಡೆದರೆ ಕಿವಿ ಹೊಂದಿಕೊಳ್ಳುವುದೇ ಇಲ್ಲ. ಡಿವಿಡಿಯಲ್ಲಿ ದನಿಯ ಮಾದರಿ ಸೆಕೆಂಡಿಗೆ 48,000. ಆಡಿಯೋ ಸಿಡಿಯ 44,100 ಅಲ್ಲ. ಏನೂ ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ 15 ಲಕ್ಷ ಬಿಟ್ ನುಂಗುತ್ತದೆ. ಡಾಲ್ಬಿ ಡಿಜಿಟಲ್ ಬಗೆಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆಯಲ್ಲೇ ಇಂಥ ಒಂಟಿ ಮೈಕಿನ ದನಿ ಚೆನ್ನಾಗಿ ಕೂರುತ್ತದೆ. ಕ್ಯಾಸೆಟ್ಟಿನ ‘ಸ್ಸ್’ ಎಂಬ ಸದ್ದನ್ನು ಅಳಿಸಿ ನೋಡಿದೆ. ಸದ್ದು ಹೋಯಿತು, ಜೊತೆಗೆ ಸಾಲಿನ ಕೊನೆಗೆ ಅಜ್ಜಿ ಎಳೆದುಕೊಳ್ಳುವ ಉಸಿರೂ ಹೋಯಿತು. ದನಿ ನೀರಿನೊಳಗಿಂದ ಬಂದಂತಾಯಿತು. ಹಾಗಾಗಿ ಸದ್ದನ್ನು ಇದ್ದ ಹಾಗೆಯೇ ಬಿಟ್ಟೆ.

ಈಗಿನ ಫೋನಿನ ವಿಡಿಯೋಗಳಿಗೆ ಬೇರೆಯದೇ ತೊಡಕು. ಫೋನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 30 ಚಿತ್ರ ತೆಗೆಯುತ್ತದೆ, ಅದೂ ಒಂದೇ ಸಮನೆ ಅಲ್ಲ. ಪಾಲ್‌ನ 25ಕ್ಕೆ ಇಳಿಸಿದರೆ ಆರರಲ್ಲಿ ಒಂದು ಚಿತ್ರ ಬಿದ್ದುಹೋಗಿ ನಡಿಗೆ ಮುಗ್ಗರಿಸುತ್ತದೆ. ವೇಗ ಸಮ ಮಾಡಿಕೊಳ್ಳದಿದ್ದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಅಂಥವನ್ನು ಎನ್‌ಟಿಎಸ್‌ಸಿ ಪದ್ಧತಿಯ ಡಿಸ್ಕಾಗಿ ಮಾಡುವುದೇ ಮೇಲು. ನಮ್ಮಲ್ಲಿನ ಬಹುತೇಕ ಪ್ಲೇಯರುಗಳು ಎರಡನ್ನೂ ಓದುತ್ತವೆ.

ಮೆನು ಮತ್ತು ಅಧ್ಯಾಯಗಳಿಗೆ ಡಿವಿಡಿಸ್ಟೈಲರ್ ಬಳಸಿದೆ. ಆರತಿ ಹಾಡು ಶುರುವಾಗುವಲ್ಲಿ ಒಂದು ಅಧ್ಯಾಯದ ಗುರುತು ಹಾಕಿದೆ. ಡಿಸ್ಕಿನ ಮೇಲೆ 16 ಪಟ್ಟು ವೇಗ ಎಂದು ಬರೆದಿದ್ದರೂ 4 ಪಟ್ಟಿನಲ್ಲಿ ಬರೆಸಿ, ಬರೆದದ್ದನ್ನು ಮತ್ತೊಮ್ಮೆ ಓದಿಸಿ ತಾಳೆ ನೋಡಿದೆ. ಕಾಗದದ ಚೀಟಿ ಅಂಟಿಸದೆ ಡಿಸ್ಕಿಗೆಂದೇ ಇರುವ ಪೆನ್ನಿನಲ್ಲಿ ಹೆಸರು ಬರೆದೆ. 39 ಜಿಬಿಯ ಮೂಲ ಫೈಲು ಬೇರೆಬೇರೆ ಮನೆಯ ಎರಡು ಹಾರ್ಡ್ ಡಿಸ್ಕಿನಲ್ಲಿದೆ. ಡಿವಿಡಿ ಬಿಸಿಲಿಗೆ, ಗೀರಿಗೆ ಹಾಳಾಗುವ ವಸ್ತು. ಅದು ನೋಡುವುದಕ್ಕೆ, ಉಳಿಸುವುದಕ್ಕೆ ಮೂಲ ಫೈಲೇ ಬೇಕು.

ಇಷ್ಟೊಂದು ಯಾಕೆ ಎನಿಸಿದರೆ, 1934ರ ‘ಸತಿ ಸುಲೋಚನ’ವನ್ನು ನೆನೆಯಿರಿ. ಕನ್ನಡದ ಮೊದಲ ಮಾತಿನ ಚಿತ್ರ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅದರಲ್ಲಿ ಮಾತನಾಡಿದರು, ಹಾಡಿದರು. ಅದರ ಒಂದು ಪ್ರತಿಯೂ ಇಂದು ನಮಗಿಲ್ಲ. ಊರೆಲ್ಲ ಕೂತು ನೋಡಿದ ಚಿತ್ರಕ್ಕೇ ಹೀಗಾದರೆ, ಒಂದು ಮನೆಯ ಕ್ಯಾಸೆಟ್ಟಿಗೆ ಕಾವಲು ಆ ಮನೆಯವರೇ. ಬೀರುವಿನ ಮೇಲೆ, ಮಂಚದ ಕೆಳಗೆ ಇಂಥದ್ದು ನಿಮ್ಮಲ್ಲೂ ಇದ್ದೀತು. ಬೂಸ್ಟು ಬರುವ ಮೊದಲು ತೆಗೆದು ನೋಡಿ.

ಹೊಸ ಡಿಸ್ಕ್ ಹಾಕಿದ ದಿನ ನಾನು ಅಮ್ಮನಿಗೆ ಏನನ್ನೂ ಮೊದಲೇ ಹೇಳಲಿಲ್ಲ. ಆರತಿಯ ಅಧ್ಯಾಯ ಬಂತು. ತಟ್ಟೆ ಒಂದೇ ಸಮನೆ, ನಿಧಾನವಾಗಿ, ದುಂಡಗೆ ಸುತ್ತಿತು. ಅಮ್ಮ ಒಮ್ಮೆ ನೋಡಿದಳು, ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದಳು. “ನಡುಕ ಇರ್ಲಿಲ್ಲ ಅಲ್ವೇನೇ ಅವಳಿಗೆ?” ಎಂದಳು. ಇರಲಿಲ್ಲಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಗೊತ್ತಿತ್ತು ಕಣೇ. ರಂಗೋಲಿ ಎಳೆ ಒಂದಿಷ್ಟೂ ಸೊಟ್ಟ ಆಗ್ತಿರ್ಲಿಲ್ಲ ಅವಳದ್ದು,” ಎಂದಳು. ಇಷ್ಟು ವರ್ಷ ಆ ರಂಗೋಲಿಯ ನೆನಪು ಎಲ್ಲಿತ್ತೋ.

ಈಗ ಅವಳು ದಿನವೂ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಯ ನೋಟ್‌ಬುಕ್ ಹಿಡಿದು ಟಿವಿಯ ಮುಂದೆ ಕೂರುತ್ತಾಳೆ. ಆ ರಿಮೋಟಿನಲ್ಲಿ ಎ-ಬಿ ಎಂಬ ಒಂದು ಗುಂಡಿ ಇದೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಎರಡು ಸಲ ಒತ್ತಿದರೆ ಅಷ್ಟೇ ಭಾಗ ಮತ್ತೆ ಮತ್ತೆ ಬರುತ್ತದೆ. ಅಮ್ಮ ಹಾಡನ್ನು ಒಂದೊಂದೇ ಸಾಲಾಗಿ ಕಟ್ಟಿಹಾಕುತ್ತಾಳೆ, ಜೊತೆಗೆ ಗುನುಗುತ್ತಾಳೆ, ಅಜ್ಜಿ ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಾಳೆ. ಮೂರು ನುಡಿ ಆಗಿದೆ, ಇನ್ನೂ ಎರಡು ಉಳಿದಿವೆಯಂತೆ.