ಚಾರ್ಮಾಡಿ ಇಳಿದದ್ದು

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮ ಅಕ್ಕನ ಮಗ ರಜೆಗೆಂದು ಮೂಡಿಗೆರೆಗೆ ಬಂದವನು ಮೂರು ದಿನವೂ ಒಂದೇ ಪುರಾಣ ಹೇಳಿದ. ಅಲ್ಲಿ ಐಫೆಲ್ ಬೆಟ್ಟಗಳ ನಡುವೆ ನ್ಯೂರ್ಬುರ್ಗ್‌ರಿಂಗ್ ಎಂಬ ಮೋಟಾರು ಪಂದ್ಯದ ದಾರಿ ಇದೆ. 1927ರಲ್ಲಿ ತೆರೆದದ್ದು. ಅದರ ಉತ್ತರದ ಸುತ್ತೊಂದೇ 20.8 ಕಿಲೋಮೀಟರು, ತಿರುವುಗಳು 70ಕ್ಕೂ ಹೆಚ್ಚು. ಪಂದ್ಯಗಾರ ಜಾಕಿ ಸ್ಟುವರ್ಟ್ ಅದಕ್ಕೆ 'ಹಸಿರು ನರಕ' ಎಂದು ಹೆಸರಿಟ್ಟ. 1976ರಲ್ಲಿ ನಿಕಿ ಲೌಡಾ ಅಲ್ಲಿ ಬೆಂಕಿಗೆ ಸಿಕ್ಕಿ, ಹೇಗೋ ಬದುಕಿ ಉಳಿದ. ಆಮೇಲೆ ಫಾರ್ಮುಲಾ ಒನ್ ಪಂದ್ಯ ಆ ಸುತ್ತಿಗೆ ಮರಳಲಿಲ್ಲ. ಆದರೆ ಗೊತ್ತುಮಾಡಿದ ದಿನಗಳಲ್ಲಿ ಸುಂಕ ಕಟ್ಟಿದರೆ ಯಾವ ಸಂಸಾರಸ್ಥನೂ ತನ್ನ ಕಾರನ್ನು ಅಲ್ಲಿ ಓಡಿಸಬಹುದು. ಇವನೂ ಓಡಿಸಿ ಬಂದಿದ್ದ.

ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುವುದೇ ಮೇಲು. ನಮ್ಮ ಜಿಲ್ಲೆಯೇನು ಕಡಮೆಯೆ? ಏಷ್ಯಾ ಪೆಸಿಫಿಕ್ ರ್‍ಯಾಲಿಯ ಕಾರುಗಳು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿವೆ. 2013, 2016, 2017ರಲ್ಲಿ ಆ ಪ್ರಶಸ್ತಿ ಗೆದ್ದ ಗೌರವ್ ಗಿಲ್ ನಮ್ಮ ದೇಶದವನೇ. ಆದರೆ ಪಂದ್ಯದ ಹೊತ್ತಿನಲ್ಲಿ ಆ ದಾರಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಎಲ್ಲರಿಗೂ ತೆರೆದ ದಾರಿ ಬೇಕಾದರೆ ಚಾರ್ಮಾಡಿ ಘಾಟಿ ಇದೆ. ಸುಂಕವಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಇಲ್ಲಿ ಎದುರಿನಿಂದ ಬಸ್ಸೂ ಬರುತ್ತದೆ!

ಮರುದಿನವೇ ಹೊರಟೆವು. ನಾನು ಚಕ್ರ ಹಿಡಿದೆ, ಹುಡುಗ ಪಕ್ಕದಲ್ಲಿ, ಹಿಂದೆ ನಮ್ಮ ತಂದೆ. ತಂದೆಯವರು ಬಹುಕಾಲ ಇದೇ ಘಾಟಿಯಲ್ಲಿ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಚೀಲ ಸಾಗಿಸಿದವರು. ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತೆಂದು ನಾನೇ ಅವರ ಕೈಯಿಂದ ಕಾರಿನ ಬೀಗದಕೈ ಇಸಿದುಕೊಂಡಿದ್ದೆ. ಅಂದಿನಿಂದ ಕಾರಿನಲ್ಲಿ ಕೂತರೆ ಅವರದು ಮೌನ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯತೊಡಗಿದಾಗ ಮಂಜು ಕವಿದಿತ್ತು. ಅಣ್ಣಪ್ಪಸ್ವಾಮಿ ಗುಡಿಯ ಬಳಿ ಕಾಣಿಕೆ ಹಾಕಿದೆ. ಹಾಕಿದ ಕಾಣಿಕೆಗೆ ಧೈರ್ಯ ಹೆಚ್ಚಾಯಿತೋ ಏನೋ, ಹುಡುಗನಿಗೆ ನನ್ನ ಕೈಚಳಕ ತೋರಿಸುವ ಚಪಲ ಹತ್ತಿತು. ಮುಂದಿನ ಹಿಮ್ಮುರಿ ತಿರುವಿಗೆ ಬಿರುಸಾಗಿ ನುಗ್ಗಿದೆ. ಎದುರಿಗೆ ಬಸ್ಸು!

ಎರಡು ಗಾಡಿಗಳ ನಡುವೆ ಗೇಣು ಜಾಗ ಉಳಿಯಿತು. ಬೆಟ್ಟದ ದಾರಿಯಲ್ಲಿ ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕು; ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟವೆಂದು ಲಾರಿಯವನ ಮಗನಾದ ನನಗೆ ಗೊತ್ತಿಲ್ಲವೆ? ಬಸ್ಸಿನ ಚಾಲಕ ಬೈಯಲಿಲ್ಲ. ಸುಮ್ಮನೆ ನನ್ನನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು. ನಾನು ಹಿಂದಕ್ಕೆ ಸರಿದೆ. ಬಸ್ಸು ನರಳುತ್ತ ಮೇಲೇರಿತು. ನನ್ನ ಕಾಲು ನಡುಗುತ್ತಿತ್ತು.

ಆಗ ಹಿಂದಿನಿಂದ ದನಿ ಬಂತು: "ಎರಡನೇ ಗೇರಿಗೆ ಹಾಕು. ಹತ್ತೋ ಗೇರಲ್ಲೇ ಇಳೀಬೇಕು. ಬ್ರೇಕು ತುಳಿದುಕೊಂಡೇ ಹೋದರೆ ಕಾದುಹೋಗಿ ಕೆಳಗೆ ಕೈಕೊಡ್ತದೆ. ಈಗ ಎಡಕ್ಕೆ, ನೀರು ಬೀಳೋ ಬಂಡೆ. ನಿಧಾನ."

ತಿರುಗಿದೆ. ಬಂಡೆ ಇತ್ತು, ನೀರೂ ಇತ್ತು.

"ಬಲಕ್ಕೆ ಉದ್ದ ತಿರುವು. ಒಳಗಡೆ ಒತ್ತಬೇಡ."

ಕನ್ನಡಿಯಲ್ಲಿ ನೋಡಿದರೆ ತಂದೆಯವರು ಕಣ್ಣು ಮುಚ್ಚಿದ್ದರು! ಕೈಗಳೆರಡೂ ತೊಡೆಯ ಮೇಲೆ ಮೆಲ್ಲಗೆ ತಿರುಗುತ್ತಿದ್ದವು. ರ್‍ಯಾಲಿಯಲ್ಲಿ ಚಾಲಕನ ಪಕ್ಕ ಕೂತವನು ತಿರುವುಗಳನ್ನು ಬರೆದಿಟ್ಟುಕೊಂಡು ಓದಿ ಹೇಳುತ್ತಾನೆಂದು ಹುಡುಗ ಪಿಸುಗುಟ್ಟಿದ. "ತಾತನಿಗೆ ಕಾಗದವೂ ಬೇಡ" ಎಂದ.

ಹೀಗೆಯೇ ತಿರುವಿನ ಮೇಲೆ ತಿರುವು. ಎರಡು ವರ್ಷದಲ್ಲಿ ಅವರು ನನ್ನೊಡನೆ ಇಷ್ಟು ಮಾತಾಡಿರಲಿಲ್ಲ.

"ಮುಂದೆ ಎಡಗಡೆ ದೊಡ್ಡ ಮರ. ಆಚೆ ಕಾಣೋದಿಲ್ಲ. ಹಾರನ್ ಮಾಡು."

ಮುಂದೆ ಮರವಿರಲಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಘಾಟಿಯ ಗುಡ್ಡ ಎಷ್ಟೋ ಕಡೆ ಕುಸಿದು, ತಿಂಗಳುಗಟ್ಟಲೆ ದಾರಿ ಕೆಟ್ಟಿತ್ತಲ್ಲ. ಮರ ಆಗ ಹೋಗಿರಬೇಕು. ಈಗ ಅಲ್ಲಿ ಸಿಮೆಂಟಿನ ತಡೆಗೋಡೆ ಇತ್ತು, ಆಚೆಯ ದಾರಿ ಚೆನ್ನಾಗಿ ಕಾಣುತ್ತಿತ್ತು. ಹುಡುಗ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಮೊಣಕೈ ತಿವಿದು, ಉದ್ದಕ್ಕೆ ಹಾರನ್ ಮಾಡಿದೆ.

"ಹಾಂ, ಹಾಗೆ" ಎಂದರು ತಂದೆ.