ಒಂದು ಸಹಿಗಾಗಿ ಘಟ್ಟ ಇಳಿದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನೀವೆಲ್ಲ ಕೇಳಿಯೇ ಇದ್ದೀರಿ. ಕಟ್ಟುವ ಮಾತು ಹಾಗಿರಲಿ, ಕಟ್ಟಲು ಅಪ್ಪಣೆಯ ಕಾಗದ ಕೈಗೆ ಬರುವಷ್ಟರಲ್ಲೇ ನನ್ನ ಅರ್ಧ ತಲೆ ಬೆಳ್ಳಗಾಯಿತು ಅಂದರೆ ನಗಬೇಡಿ.

ನಮ್ಮದು ಶಿಗ್ಗಾಂವಿ ತಾಲೂಕಿನ ತಡಸ. ಮಾವನವರು ಕಟ್ಟಿಸಿದ ಹಂಚಿನ ಮನೆ, ಮಣ್ಣಿನ ಗೋಡೆ. 2019ರ ಆಗಸ್ಟಿನ ಮಳೆ ನಿಮಗೂ ನೆನಪಿರಬೇಕಲ್ಲ? ಅದರಲ್ಲಿ ಹಿತ್ತಲ ಕಡೆಯ ಗೋಡೆ ನೆನೆದು ನೆನೆದು ಒಂದು ರಾತ್ರಿ ಕುಸಿಯಿತು. ಪುಣ್ಯಕ್ಕೆ ಆ ಕಡೆ ಯಾರೂ ಮಲಗಿರಲಿಲ್ಲ. ತಗಡು ಹೊಡೆಸಿ ಹಾಗೇ ವರ್ಷಗಳನ್ನು ತಳ್ಳಿದೆವು. ಮಳೆ ಬಂತೆಂದರೆ ಒಲೆಯ ಪಕ್ಕ ಒಂದು ಬೋಗುಣಿ, ಹಿಟ್ಟಿನ ಡಬ್ಬಿಯ ಮೇಲೆ ಒಂದು ತಾಟು. ರೊಟ್ಟಿ ಬಡಿಯುವಾಗ ಬೆನ್ನ ಮೇಲೆ ಟಪ್ಪನೆ ಹನಿ ಬಿದ್ದರೆ ಬೆಚ್ಚುವುದನ್ನೂ ಬಿಟ್ಟುಬಿಟ್ಟಿದ್ದೆ. ಕಡೆಗೆ ಹೋದ ವರ್ಷ ಗೋವಿನಜೋಳದ ದುಡ್ಡು ಕೈಗೆ ಬಂದಾಗ ನಮ್ಮ ಯಜಮಾನರು, "ಈ ಸಲ ಕಟ್ಟೂದ" ಅಂದರು.

ಸ್ವಂತ ಜಾಗ, ಸ್ವಂತ ದುಡ್ಡು, ಇನ್ನು ಯಾರನ್ನು ಕೇಳಬೇಕು ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಹಳ್ಳಿಯಾದರೂ ಗ್ರಾಮ ಪಂಚಾಯತಿಯ ಲಿಖಿತ ಪರವಾನಿಗೆ ಇಲ್ಲದೆ ಮನೆ ಕಟ್ಟುವಂತಿಲ್ಲ ಎಂದು 1993ರ ಪಂಚಾಯತ್ ರಾಜ್ ಕಾನೂನೇ ಹೇಳುತ್ತದೆ. ಬ್ಯಾಂಕಿನ ಸಾಲ ಬೇಕಾದರಂತೂ ಆ ಕಾಗದವಿಲ್ಲದೆ ಯಾರೂ ಮಾತಾಡಿಸುವುದಿಲ್ಲ. ಸರಿ, ಹಳೆಯ ಟ್ರಂಕು ಇಳಿಸಿದೆವು. ಮಾವನವರು ಜಾಣರು, ಮನೆಪಟ್ಟಿ ಕಟ್ಟಿದ ಒಂದೊಂದು ಪಾವತಿಯನ್ನೂ ದಾರ ಪೋಣಿಸಿ ಇಟ್ಟಿದ್ದರು. ಹಳೆಯವುಗಳ ಮೇಲೆ ಧಾರವಾಡ ಜಿಲ್ಲೆ ಅಂತ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಲ್ಲವೇ. ಆದರೆ ಹಳೆಯದಿರಲಿ ಹೊಸದಿರಲಿ, ಎಲ್ಲದರ ಮೇಲೂ ಹೆಸರು ಮಾವನವರದೇ. ಅವರು ತೀರಿಕೊಂಡದ್ದು 2008ರಲ್ಲಿ. ಇಷ್ಟು ವರ್ಷ ವಾರಸಾ ಮಾಡಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ.

"ತೀರಿಕೊಂಡವರ ಹೆಸರಿಗೆ ಪರವಾನಿಗೆ ಕೊಡಾಕ ಬರೂದಿಲ್ರಿ ಅಕ್ಕಾರ" ಅಂದ ಪಂಚಾಯತಿಯ ಹುಡುಗ. ಅವನದೇನು ತಪ್ಪು? ಪಾಪ, ಕೂಡಿಸಿಕೊಂಡು ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಟ್ಟ. ಮರಣದ ದಾಖಲೆ, ನಾಡಕಚೇರಿಯಿಂದ ವಂಶಾವಳಿ, ಅಳತೆ ಮಾಡಿಸಿದ ನಕ್ಷೆ, ಪಟ್ಟಿ ಬಾಕಿಯಿಲ್ಲದ ಪಾವತಿ. ಇವೆಲ್ಲ ಸೇರಿದ ಮೇಲೆ ಇ-ಸ್ವತ್ತಿನಲ್ಲಿ ವಾರಸುದಾರರ ಹೆಸರಿಗೆ ನಮೂನೆ 9, ನಮೂನೆ 11. ಅದಾದ ಮೇಲೆಯೇ ಮನೆಯ ಪ್ಲಾನು ಮತ್ತು ಪರವಾನಿಗೆಯ ಅರ್ಜಿ. ನಿಮ್ಮ ಮನೆಯ ಉತಾರ ಯಾರ ಹೆಸರಲ್ಲಿದೆ ಅಂತ ಇವತ್ತೇ ಒಮ್ಮೆ ತೆಗೆದು ನೋಡಿರೆಂದು ನಾನು ಹೇಳುವುದು ಇದಕ್ಕೇ.

ವಂಶಾವಳಿಯಲ್ಲಿ ಎರಡೇ ಹೆಸರು ಬಂದವು. ನಮ್ಮವರದು, ನನ್ನ ನಾದಿನಿಯದು. ಅತ್ತೆಯವರು ಮಾವನವರಿಗಿಂತ ಮೊದಲೇ ಹೋದವರು.

"ಆಕಿದೇನೈತಿ? ಲಗ್ನದಾಗ ಕೊಡೂದು ಕೊಟ್ಟೇವಿ. ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿದ್ರ ಮುಗೀತು. ನೀನ ಹೋಗಿ ಬಾ, ಹೆಣ್ಣಮಕ್ಕಳು ಹೆಣ್ಣಮಕ್ಕಳು ಮಾತಾಡಿದ್ರ ಚಲೋ" ಅಂದರು ನಮ್ಮವರು. ತಂಗಿಯ ಮುಖ ನೋಡಿ ಕೇಳಲು ಅವರಿಗೇ ನಾಚಿಕೆ, ಅದಕ್ಕೇ ನನ್ನನ್ನು ಮುಂದೆ ಮಾಡಿದರು. ಅದು ಗೊತ್ತಿದ್ದೂ ಹೊರಟೆ. ನನಗೂ ಅಡಿಗೆಮನೆ ಬೇಕಾಗಿತ್ತು.

ಚೀಲದಲ್ಲಿ ಶೇಂಗಾ ಹೋಳಿಗೆ, ಒಂದು ಇಳಕಲ್ ಸೀರೆ, ಕುಬಸದ ಕಣ. ಮುಂಡಗೋಡ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಹೊಟ್ಟೆ ತೊಳಸಿದ್ದು ಬಸ್ಸಿನ ತಿರುವುಗಳಿಂದಲೋ ಮಾಡಹೊರಟ ಕೆಲಸದಿಂದಲೋ ಹೇಳಲಾರೆ.

ನಾದಿನಿಯ ಊರು ಕರಾವಳಿಯ ಒಂದು ಸಣ್ಣ ಪೇಟೆ. ಹೊಳೆಯ ದಂಡೆಗೆ ಮನೆ. ಮೂವರು ಅಣ್ಣತಮ್ಮಂದಿರ ಸಂಸಾರ ಒಂದೇ ಸೂರಿನ ಕೆಳಗೆ. ಇವಳ ಪಾಲಿಗೆ ಒಂದು ಕೋಣೆ, ಜಗಲಿಯ ಅರ್ಧ. ಅವರೂ ಬೇರೆ ಮನೆ ಕಟ್ಟಬೇಕೆಂದು ಹಿತ್ತಲಲ್ಲೇ ಜಾಗ ಗುರುತು ಮಾಡಿ ಅರ್ಜಿ ಹಾಕಿದ್ದರಂತೆ. ಅಳತೆಯವರು ಬಂದು ಗೂಟ ಹೊಡೆದಾಗ ಬಾವಿ ಗೆರೆಯ ಆಚೆ ಉಳಿಯಿತು, ಅಡಿಪಾಯದ ಜಾಗ ಈಚೆ ಬಂತು.

"ಎಂಥಾ ಗೆರೆ? ಸಮುದ್ರ ಇಲ್ಲಿಂದ ಕಾಣೂದೂ ಇಲ್ಲಲ್ಲ?" ಎಂದೆ ನಾನು.

ಆಗ ಅವಳು ಹೇಳಿಯೇ ನನಗೆ ತಿಳಿದದ್ದು. ಕರಾವಳಿಯಲ್ಲಿ ನಮ್ಮ ಕಡೆಯ ಹಾಗೆ ಪಂಚಾಯತಿ, ಪುರಸಭೆಯ ಒಪ್ಪಿಗೆಯೊಂದೇ ಸಾಲದು. ಕರಾವಳಿ ನಿಯಂತ್ರಣ ವಲಯ ಅಂತ 1991ರಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಮುಂದೆ 2011ರಲ್ಲಿ, 2019ರಲ್ಲಿ ಅದನ್ನು ಹೊಸದಾಗಿ ಬರೆದರು. ಭರತದ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಂದ ಲೆಕ್ಕ. ಸಮುದ್ರಕ್ಕಷ್ಟೇ ಅಲ್ಲ, ಭರತದ ನೀರು ಹಿಮ್ಮೆಟ್ಟಿ ಬರುವ ಹೊಳೆಯ ದಂಡೆಗೂ ಆ ಗೆರೆ ಇದೆ. ಮೊದಲು ಹೊಳೆಗೆ 100 ಮೀಟರು ಇದ್ದದ್ದು 2019ರಲ್ಲಿ 50 ಆಯಿತು. ಹೊಳೆಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಕಾಯಿದೆಯಂತೆ ಕಟ್ಟಿದ ಹಳೆಯ ಮನೆ ಒಳಗೆ ಬಂದರೆ ಇದ್ದ ಅಳತೆಗೇ ದುರಸ್ತಿ ಮಾಡಬಹುದು, ತಿರುಗಿ ಕಟ್ಟಬಹುದು. ಹೊಸದು, ಹೆಚ್ಚಿನದು ಆಗದು. ಇವಳ ಮಾವನ ಮನೆಯವರ ಹತ್ತಿರ ಹಳೆಯ ಮನೆಗೂ ಕಾಗದವಿಲ್ಲ. ನಮ್ಮ ಮಾವನವರ ದಾರ ಪೋಣಿಸಿದ ಪಾವತಿಗಳು ನೆನಪಾದವು.

ಬಡವರು ಮನೆ ಕಟ್ಟಿದರೆ ಸಮುದ್ರಕ್ಕೇನು ನಷ್ಟ ಎಂದು ನನಗೆ ಸಿಟ್ಟೇ ಬಂತು. ಅವಳು ಎದ್ದು ಜಗಲಿಯ ಗೋಡೆ ತೋರಿಸಿದಳು. ಮೊಳಕಾಲಿನ ಮಟ್ಟಕ್ಕೆ ಕಂದು ಬಣ್ಣದ ಕಲೆ. ನಮ್ಮ ಗೋಡೆ ಬಿದ್ದ ಅದೇ 2019ರ ಆಗಸ್ಟಿನಲ್ಲಿ ಹೊಳೆಯ ನೀರು ಒಳಗೆ ಬಂದು ನಿಂತದ್ದಂತೆ. ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ. "ಗೆರೆ ಸುಳ್ಳಲ್ಲ ವೈನಿ. ಆದ್ರೆ ನಾವೆಲ್ಲಿ ಹೋಗ್ಬೇಕು?" ಅಂದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಬಂದ ಕೆಲಸ ಹೇಳಿದೆ. ಹೇಳಿದ್ದಲ್ಲ, ತೊದಲಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪರವಾನಿಗೆಗೆ ಎಲ್ಲಿ ಬೇಕಂದ್ರೂ ಸಹಿ ಮಾಡ್ತೀನಿ ವೈನಿ. ನನಗ ಹಕ್ಕಿಲ್ಲ ಅಂತ ಬರದ ಕಾಗದಕ್ಕ ಮಾತ್ರ ಬ್ಯಾಡ. ಇಲ್ಲಿ ಗೂಟ ಹೊಡದು ನಿಂದಲ್ಲ ಅಂದ್ರು. ಅಲ್ಲೂ ಗೂಟ ಹೊಡೀಬ್ಯಾಡ್ರಿ" ಅಂದಳು. ಇಪ್ಪತ್ತು ವರ್ಷದಿಂದ ಕರಾವಳಿಯ ಮಾತಾಡುವವಳು ಆ ಹೊತ್ತಿಗೆ ಪೂರಾ ತಡಸದವಳಾಗಿದ್ದಳು.

ಇಳಕಲ್ ಸೀರೆ ಚೀಲದಲ್ಲೇ ಉಳಿಯಿತು. ಯಾಕೆ ಅಂತೀರಾ? 2012ರಲ್ಲಿ ನನ್ನ ಅಣ್ಣ ಇಂಥದೇ ಒಂದು ಸೀರೆ ಉಡಿ ತುಂಬಿಸಿ, ಊಟ ಹಾಕಿಸಿ, ಕಚೇರಿಗೆ ಕರೆದೊಯ್ದು ನನ್ನಿಂದ ಸಹಿ ಹಾಕಿಸಿಕೊಂಡ. ಓದಿ ನೋಡಲೂ ಇಲ್ಲ ನಾನು. ಅಣ್ಣನೇನು ಕೆಟ್ಟವನಲ್ಲ, ಕೇಳಿದ, ಕೊಟ್ಟೆ. ಆದರೆ ಅಂದಿನಿಂದ ತವರಿನ ಹೊಸ್ತಿಲಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ, ಒಳಗೆ ಬಾ ಅನ್ನಲಿ ಎಂದು. ಅಪ್ಪ ಸ್ವಂತ ಗಳಿಸಿದ್ದರಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಕಾನೂನೇ ಹೇಳಿತ್ತು. ಹಿರಿಯರ ಆಸ್ತಿಯಲ್ಲೂ ಸಮ ಹಕ್ಕೆಂದು 2005ರಲ್ಲಿ ತಿದ್ದಿದರು. ಆಗ ಅಪ್ಪ ಬದುಕಿರಲಿ ಬಿಡಲಿ, ಅದು ಹುಟ್ಟಿನಿಂದ ಬಂದ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೆಲ್ಲ ನನಗೆ ತಿಳಿದದ್ದು ಸಹಿ ಹಾಕಿ ಎಷ್ಟೋ ವರ್ಷವಾದ ಮೇಲೆ.

ಊರಿಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. "ನೀ ಯಾರ ಕಡೆಯಾಕಿ?" ಅಂದರು ನಮ್ಮವರು. ನಾಲ್ಕು ದಿನ ಮಾತಿಲ್ಲ. ತಾಟು ಇಟ್ಟರೆ ಉಣ್ಣುವುದು, ಹೊಲಕ್ಕೆ ಹೋಗುವುದು. ಐದನೆಯ ದಿನ ಮಳೆ ಬಂತು. ಉಣ್ಣುತ್ತ ಕೂತವರ ತಾಟಿಗೇ ಹನಿ ಬಿತ್ತು. "ಇಬ್ಬರ ಹೆಸರಿಗೂ ಮಾಡಸೂಣು, ಇಲ್ಲಂದ್ರ ಈ ಮನಿ ಏಳೂದಿಲ್ಲ" ಅಂದರು. ಅವರ ಮನಸ್ಸು ಕರಗಿತೆಂದು ನಾನು ಸುಳ್ಳು ಬರೆಯುವುದಿಲ್ಲ. ಬೇರೆ ದಾರಿಯಿರಲಿಲ್ಲ ಅಷ್ಟೇ.

ಮುಂದಿನದು ಓಡಾಟ. ವಾರಸಾ ಅರ್ಜಿ, ತಕರಾರಿದ್ದರೆ ತಿಳಿಸಿರೆಂಬ ನೋಟೀಸು, ಅಳತೆ, ಇಬ್ಬರ ಹೆಸರಿನ ಉತಾರ. ಪ್ಲಾನು ಬರೆಯುವವನ ಎದುರು ಮಾತ್ರ ನಾನೇ ಕೂತೆ. ಪಡಸಾಲೆಯನ್ನು ಮೂರು ಅಡಿ ಕಡಿಮೆ ಮಾಡಿಸಿ ಹಿತ್ತಲ ಕಡೆ ಹತ್ತಕ್ಕೆ ಹತ್ತರ ಒಂದು ಕೋಣೆ ಹಾಕಿಸಿದೆ. "ಇದು ಸ್ಟೋರ್ ರೂಮೇನ್ರಿ?" ಅಂದ. "ಅಲ್ಲಪ್ಪಾ, ನಮ್ಮ ನಾದಿನಿದು" ಅಂದೆ. ಯಜಮಾನರು ಕಿಟಕಿಯ ಕಡೆ ನೋಡುತ್ತಿದ್ದರು, ಬೇಡ ಅನ್ನಲಿಲ್ಲ.

ಪರವಾನಿಗೆ ಬಂದ ದಿನ ಫೋನು ಮಾಡಿದೆ. "ಕಿಟಕಿ ಯಾವ ಕಡೆ ಇಟ್ಟೀರಿ ವೈನಿ?" ಎಂದು ಕೇಳಿದಳು. ಪೇರಲ ಗಿಡದ ಕಡೆ ಅಂದೆ. ಅದನ್ನು ನೆಟ್ಟವಳು ಅವಳೇ, ಮದುವೆಗೆ ಮೊದಲು.

ಇಳಕಲ್ ಸೀರೆ ಟ್ರಂಕಿನಲ್ಲಿದೆ, ಗೃಹಪ್ರವೇಶಕ್ಕೆ ಅವಳಿಗೆ. ಅಡಿಪಾಯ ಮುಗಿದು ಗೋಡೆ ಎದೆಮಟ್ಟ ಬಂದಿದೆ. ನನ್ನ ಅಣ್ಣನಿಗೆ ನಾನಿನ್ನೂ ಏನೂ ಹೇಳಿಲ್ಲ. ಪಂಚಮಿಗೆ ಕರೆಯಲು ಬರುತ್ತಾನೆ, ಹೋಗುತ್ತೇನೆ.